ಜನವರಿ ಹುಡುಗ, ಡಿಸೆಂಬರ್ ಹುಡುಗ
ಚಿನ್ನದ ಗಣಿಯ ಆಂಗ್ಲರ ಜೊತೆ ಕೆ.ಜಿ.ಎಫ್.ಗೆ ಫುಟ್‌ಬಾಲೂ ಬಂತು. 2001ರಲ್ಲಿ ಗಣಿ ಮುಚ್ಚಿದರೂ ಆಟ ನಿಲ್ಲಲಿಲ್ಲ. ಆದರೆ ಅಲ್ಲಿನ ಅಥವಾ ಬಂಗಾರಪೇಟೆಯ ಹುಡುಗ ಕಿರಿಯರ ತಂಡದ ಆಯ್ಕೆಗೆ ನಿಂತಾಗ ಅವನು ಹುಟ್ಟಿದ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ವಯೋಮಿತಿಯ ಎಣಿಕೆ ಜನವರಿ 1ರಿಂದ. ಜನವರಿಯವನು ಅದೇ ವರ್ಷದ ಡಿಸೆಂಬರಿನವನಿಗಿಂತ ಸುಮಾರು 11 ತಿಂಗಳು ದೊಡ್ಡವನು. ಹನ್ನೆರಡರ ಪ್ರಾಯದಲ್ಲಿ ಆ ಅಂತರ ಎತ್ತರ, ತೂಕ, ಓಟದಲ್ಲಿ ಕಾಣುತ್ತದೆ. ಅದನ್ನೇ ಪ್ರತಿಭೆಯೆಂದು ಭಾವಿಸಿದರೆ ಅವನಿಗೆ ತರಬೇತಿ, ಇನ್ನೊಬ್ಬನಿಗೆ ಮನೆಯ ದಾರಿ. ಕೆನಡಾದ ಐಸ್ ಹಾಕಿಯಲ್ಲಿ ಇದನ್ನು ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲೇ ತೋರಿಸಿದ್ದರು.

ನಮ್ಮಲ್ಲಿ ಇನ್ನೊಂದು ತೊಡಕು. ಹಿಂದೆ ಎಷ್ಟೋ ಮಕ್ಕಳ ಜನ್ಮದಿನವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಅಂದಾಜಿನಲ್ಲಿ ಬರೆದುಕೊಂಡದ್ದು!

ಇಂಗ್ಲೆಂಡಿನಲ್ಲಿ ಮೈಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸುವ ಪ್ರಯೋಗ ನಡೆದಿದೆ. ಅದಕ್ಕೆ ಬೇಕಾದ್ದು ಹುಡುಗನ ಎತ್ತರ, ತೂಕ, ತಂದೆತಾಯಿಯ ಎತ್ತರ. ಜೊತೆಗೆ, ಅವನ ನಿಜವಾದ ವಯಸ್ಸು.