ಹಳೇ ಸೌನಾಗೆ ಬೆಲೆ ಎಷ್ಟು?

ಪುರಸೈವಾಕ್ಕಂನಲ್ಲಿ ಹಳೇ ಸೌನಾ ಮಾರ್ತೀನಿ ಅಂದರೆ ಜನ ನಗ್ತಾರೆ, "ಈ ಸೆಕೆಯಲ್ಲಾ?" ಅಂತ. ಹಿಂದೆ ಆಗಿದ್ದರೆ ಸೆಂಟ್ರಲ್ ಸ್ಟೇಷನ್ ಪಕ್ಕದ ಮೂರ್ ಮಾರ್ಕೆಟ್‌ನಲ್ಲಿ ವಿಚಾರಿಸಬಹುದಿತ್ತು. 1900ರಲ್ಲಿ ಶುರುವಾದ ಆ ಕಟ್ಟಡ, ಹಳೇ ಸಾಮಾನಿಗೆ ಹೆಸರಾಗಿದ್ದದ್ದು, 1985ರಲ್ಲಿ ಸುಟ್ಟುಹೋಯ್ತು.

ಫಿನ್ಲೆಂಡಿನವರಿಗೆ ಸೌನಾ ಬರೀ ಮರದ ಪೆಟ್ಟಿಗೆ ಅಲ್ಲ. ಕಾದ ಕಲ್ಲಿಗೆ ನೀರು ಚೆಲ್ಲಿ ಮನೆಮಂದಿಯೆಲ್ಲ ಬೆವರೋ ಪದ್ಧತಿ. 2020ರಲ್ಲಿ ಅದು ಯುನೆಸ್ಕೋ ಪರಂಪರೆಯ ಪಟ್ಟಿಗೂ ಸೇರಿತು.

ನಮಗೂ ನಮ್ಮದೇ ಬಿಸಿನೀರಿನ ಪದ್ಧತಿ ಇತ್ತು: ಬಚ್ಚಲೊಲೆ, ತಾಮ್ರದ ಹಂಡೆ, ದೀಪಾವಳಿಗೆ ನೀರು ತುಂಬೋ ಹಬ್ಬ, ಮಾರನೇ ದಿನ ಎಣ್ಣೆಸ್ನಾನ. ಗೀಸರ್ ಬಂತು, ಎಷ್ಟೋ ಹಂಡೆಗಳು ಗುಜರಿಗೆ ಕೆ.ಜಿ. ಲೆಕ್ಕದಲ್ಲಿ ಹೋದವು. ಪದ್ಧತಿ ಹೋದರೆ ವಸ್ತುವಿಗೆ ಉಳಿಯೋದು ತೂಕದ ಬೆಲೆಯಷ್ಟೇ. ಅಮ್ಮನ ಹಂಡೆ ಊರಲ್ಲಿ ಇನ್ನೂ ಇದೆ; ಅದನ್ನ ಮಾತ್ರ ನಾನು ಮಾರಲ್ಲ. ನಿಮ್ಮ ಮನೆಯದ್ದು ಎಲ್ಲಿದೆ?