ಘಟ್ಟದ ಮೇಲಿನ ಕೋವಿ, ಘಟ್ಟದ ಕೆಳಗಿನ ಕೋವಿ

ದೀಪಾವಳಿಗೆ ಆಟದ ಪಿಸ್ತೂಲಿಗೆ ಕೇಪು ಹಾಕಿ ಟಪ್ ಅನ್ನಿಸಿದ್ದು ನಿಮಗೂ ನೆನಪಿರಬಹುದು. ನಮ್ಮ ಸುಳ್ಯ ತಾಲೂಕಿನ ಕೊಲ್ಲಮೊಗ್ರು ಕಡೆ ಹೋದರೆ ಕೇಪು ಅಂದರೆ ಆಟದ ಸಾಮಾನಲ್ಲ, ಕೃಷಿಯ ಸಾಮಾನು. ಅಡಿಕೆ ತೋಟದ ಮನೆಗಳಲ್ಲಿರುವ ಕೋವಿಗಳಲ್ಲಿ ಎರಡು ಜಾತಿ: ತೋಟೆ ಕೋವಿ, ಕೇಪಿನ ಕೋವಿ. ತೋಟೆ ಕೋವಿಗೆ ಕಾರ್ಖಾನೆಯಲ್ಲಿ ತಯಾರಾದ ತೋಟೆ ಅಂಗಡಿಯಿಂದ ಬರುತ್ತದೆ. ಕೇಪಿನ ಕೋವಿಗೆ ಹಾಗಲ್ಲ, ಪ್ರತಿ ಈಡನ್ನೂ ನಳಿಗೆಯ ಬಾಯಿಂದ ಕೈಯಾರೆ ತುಂಬಬೇಕು. ಲೈಸೆನ್ಸ್ ಪುಸ್ತಕದಲ್ಲಿ ಇದರ ಹೆಸರು ಎಸ್‌ಬಿಎಂಎಲ್.

ಅಮೆರಿಕದಲ್ಲಿ ರಿವಾಲ್ವರಿನ ಖಾಲಿ ತೋಟೆಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವುದು ದೊಡ್ಡ ಹವ್ಯಾಸ. ರಿವಾಲ್ವರಿನ ನಳಿಗೆ ಗಿಡ್ಡ. ಹಾಗಾಗಿ ಬೇಗ ಉರಿದು ಮುಗಿಯುವ ಚುರುಕು ಮದ್ದು ಬೇಕು. ಅದನ್ನು ಮಿತವಾಗಿ ಬಳಸಿದರೆ ಕೈಗೆ ಒದೆತ ಕಡಿಮೆ, ಖರ್ಚೂ ಕಡಿಮೆ. ಇದನ್ನು ಓದಿದಾಗ ನನಗೆ ನಗು ಬಂತು. ಅವರಿಗೆ ಭಾನುವಾರದ ಹವ್ಯಾಸ ಆಗಿರೋದು ನಮ್ಮೂರಿನವರಿಗೆ ಕಾನೂನೇ ಕಟ್ಟಿಕೊಟ್ಟ ಬದುಕು! ಮದ್ದು ಮಾತ್ರ ಬೇರೆ. ಅವರದ್ದು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಕಂಡುಹಿಡಿದ ಹೊಗೆಯಿಲ್ಲದ ಮದ್ದಿನ ವಂಶದ್ದು. ಒತ್ತಡ ಏರಿದಷ್ಟೂ ಅದರ ಉರಿ ಜೋರಾಗುತ್ತದೆ. ನಮ್ಮ ಕೇಪಿನ ಕೋವಿ ಅದಕ್ಕೂ ಹಿಂದಿನ ಕರಿಮದ್ದಿನ ಕಾಲದ್ದು. ಅದರೊಳಗೆ ಹೊಸ ಮದ್ದು ಬಿದ್ದರೆ ನಳಿಗೆಯೇ ಸಿಡಿದೀತು.

ಇಷ್ಟು ಹಳೆಯ ಕೋವಿ ಇನ್ನೂ ಯಾಕೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ನೋಡಿ. ಬೆಳೆ ಕಾಯಲು ಕೋವಿ ಬೇಕು ಅನ್ನುವವರಿಗೆ ಅದು ಹೆಸರಿಟ್ಟು ಹೇಳುವುದು ಬಾಯಿಂದ ತುಂಬುವ ಕೋವಿಯನ್ನೇ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಮಾತ್ರ ಬೇರೆ ಕೋವಿಯ ಮಾತು.

ಈಗ ಕೊಲ್ಲಮೊಗ್ರಿನಿಂದ ಪೂರ್ವಕ್ಕೆ ತಲೆ ಎತ್ತಿ. ಕಲ್ಮಕಾರು ದಾಟಿ ಕಾಡು ಹತ್ತಿದರೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಜಮ್ಮಾ ಭೂಮಿ ಇರುವ ಅರೆಭಾಷೆ ಗೌಡರೂ ಅದರೊಳಗೆ ಬರುತ್ತಾರೆ. ಅದೇ ಅರೆಭಾಷೆ ಮಾತಾಡುವ ಕೆಳಗಿನ ನೆಂಟರು ಮಾತ್ರ ಅರ್ಜಿ ಹಿಡಿದು ನಿಲ್ಲಬೇಕು. ಹಂದಿ ಎರಡೂ ಕಡೆ ಒಂದೇ, ಮಂಗವೂ ಒಂದೇ.

ಮೊದಲು ಹೀಗಿರಲಿಲ್ಲ. ಅಮರ ಸುಳ್ಯ ಮಾಗಣೆ ಕೊಡಗಿನ ಅರಸರ ಕೈಯಲ್ಲೇ ಇತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿದ ಕಂಪೆನಿ ಸರಕಾರ, ಘಟ್ಟದ ಕೆಳಗಿನ ಭಾಗವನ್ನು ಕತ್ತರಿಸಿ ದಕ್ಷಿಣ ಕನ್ನಡಕ್ಕೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕೊಡಿ ಅಂದಿತು. ಜನ ಸಿಟ್ಟಿಗೆದ್ದರು. ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳುತನದಲ್ಲಿ ಹೊರಟ ದಂಡು 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದಲ್ಲಿ ತನ್ನ ಬಾವುಟ ಹಾರಿಸಿತು. ಹೆಚ್ಚು ದಿನ ನಿಲ್ಲಲಿಲ್ಲ, ನೇಣುಗಳಾದವು. ದಂಗೆ ಅಡಗಿಸಲು ನೆರವಾದ ಕೊಡಗಿನ ಮುಖಂಡರಿಗೆ ಬ್ರಿಟಿಷರು ಪದಕ ಟಂಕಿಸಿ ಹಂಚಿದರು.

ಇಪ್ಪತ್ತು ವರ್ಷದ ಮೇಲೆ 1857. ಆ ಬೆಂಕಿಗೆ ಕಿಡಿ ಯಾವುದು? ಹಲ್ಲಲ್ಲಿ ಕಚ್ಚಿ, ಕೈಯಾರೆ ನಳಿಗೆಗೆ ತುಂಬುವ ಕೊಬ್ಬು ಸವರಿದ ಕಾಗದದ ತೋಟೆ. ದಂಗೆ ಮುಗಿದ ಮೇಲೆ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂತು. ಕೊಡಗನ್ನು ಮಾತ್ರ, ನಿಷ್ಠೆ ಮೆಚ್ಚಿ, 1861ರಲ್ಲಿ ಹೊರಗಿಟ್ಟರು. 27 ವರ್ಷ ಹಿಂದೆ ಬೇರೆಯಾಗಿದ್ದ ಸುಳ್ಯ ಆ ಪಟ್ಟಿಯಲ್ಲಿ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಗೆರೆ ಅಲ್ಲೇ ಉಳಿಯಿತು. 2019ರಲ್ಲಿ ಕೇಂದ್ರ ಸರಕಾರ ವಿನಾಯಿತಿಯನ್ನು 2029ರ ತನಕ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಕೊಡವರಿಗೆ ಕೋವಿ ಬರಿಯ ಆಯುಧ ಅಲ್ಲ, ಕೈಲ್‌ಪೊಳ್ದಿನಲ್ಲಿ ಪೂಜೆಗಿಡುವ ಮನೆದೇವರ ಸಮಾನ. ಅವರದ್ದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಕೆಳಗಿನವರ ಪಾಡನ್ನೂ ನೋಡಿ ಅನ್ನುತ್ತಿದ್ದೇನೆ, ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಹಾಗಾಗಿ ಎಷ್ಟೋ ಸಲ ಕೇಪಿನ ಕೋವಿಯಲ್ಲಿ ಗುಂಡೇ ಇರುವುದಿಲ್ಲ, ಬರೀ ಶಬ್ದ. ಎಳನೀರು ಕಿತ್ತು ಬಿಸಾಡುವ ಮಂಗನ ಹಿಂಡು ಆ ಸದ್ದಿಗೆ ಪಕ್ಕದ ತೋಟಕ್ಕೆ ಹಾರುತ್ತದೆ. ಚುನಾವಣೆ ಬಂತೆಂದರೆ ಆ ಸದ್ದೂ ಇಲ್ಲ. ಕೋವಿಯನ್ನು ಠಾಣೆಗೆ ಒಪ್ಪಿಸಿ ಅಂತ ಆದೇಶ ಬರುತ್ತದೆ. ಲೋಕಸಭೆ, ವಿಧಾನಸಭೆ, ಪಂಚಾಯತು: ಐದು ವರ್ಷದಲ್ಲಿ ಎಷ್ಟು ಸಲ ಆಯಿತು, ನೀವೇ ಲೆಕ್ಕ ಹಾಕಿ. ಮಂಗಗಳಿಗೆ ನೀತಿಸಂಹಿತೆ ಇಲ್ಲ.

2029ರಲ್ಲಿ ಘಟ್ಟದ ಮೇಲಿನ ವಿನಾಯಿತಿ ಮತ್ತೆ ಚರ್ಚೆಗೆ ಬರಲಿದೆ. ಆಗ ಘಟ್ಟದ ಕೆಳಗಿನ ಕೇಪಿನ ಕೋವಿಯ ಬಗ್ಗೆಯೂ ಯಾರಾದರೂ ಒಂದು ಮಾತು ಎತ್ತಲಿ. ಅದೂ ಒಂದು ಕಾಲಕ್ಕೆ ಕೊಡಗಿನದ್ದೇ ಆಗಿತ್ತು.