ಸತ್ಯಜಿತ್ ರಾಯ್ ಮತ್ತು ‘ಬೈಸಿಕಲ್ ಥೀವ್ಸ್’: ಒಂದು ಪ್ರಭಾವದ ವಿವೇಚನೆ

ಒಂದು ಕೃತಿ ಮತ್ತೊಂದಕ್ಕೆ ಪ್ರೇರಣೆಯಾಯಿತೆಂದು ಹೇಳುವುದು ಸುಲಭ. ಆ ಪ್ರೇರಣೆಯ ಸ್ವರೂಪವನ್ನೂ ಮೇರೆಯನ್ನೂ ನಿರ್ಣಯಿಸುವುದು ಕಷ್ಟ. ಇಟಲಿಯ ವಿಟ್ಟೋರಿಯೊ ಡಿ ಸಿಕಾನ ‘ಬೈಸಿಕಲ್ ಥೀವ್ಸ್’ (1948) ಸತ್ಯಜಿತ್ ರಾಯರನ್ನು ನಿರ್ದೇಶಕರನ್ನಾಗಿ ಮಾಡಿತೆಂಬ ಮಾತು ಪ್ರಸಿದ್ಧವಾಗಿದೆ. ಆ ಋಣವನ್ನು ರಾಯರೇ ಮುಕ್ತಕಂಠದಿಂದ ಒಪ್ಪಿಕೊಂಡಿದ್ದಾರೆ. ಆದರೆ ಕಲಾವಿದನು ತನ್ನ ವಿಷಯವಾಗಿ ನುಡಿದ ಸಾಕ್ಷ್ಯವನ್ನೂ ಕಾಲಾನುಕ್ರಮದ ಒರೆಗೆ ಹಚ್ಚಬೇಕಾಗುತ್ತದೆ.

ರಾಯರು 1943ರಲ್ಲಿ ಕಲ್ಕತ್ತೆಯ ಡಿ. ಜೆ. ಕೀಮರ್ ಎಂಬ ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರರಾಗಿ ಸೇರಿದರು. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಕಾದಂಬರಿಯ ಸಂಕ್ಷಿಪ್ತ ಆವೃತ್ತಿಗೆ ಚಿತ್ರಗಳನ್ನು ಬರೆದಾಗಲೇ ಅದು ಚಲಚ್ಚಿತ್ರಕ್ಕೆ ಒದಗುವ ವಸ್ತುವೆಂಬ ಯೋಚನೆ ಮೂಡಿತು. 1947ರಲ್ಲಿ ಮಿತ್ರರೊಡನೆ ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. 1949ರಲ್ಲಿ ‘ದಿ ರಿವರ್’ ಚಿತ್ರಕ್ಕಾಗಿ ಸ್ಥಳಗಳನ್ನರಸುತ್ತ ಬಂದ ಫ್ರೆಂಚ್ ನಿರ್ದೇಶಕ ಝಾನ್ ರೆನ್ವಾನೊಡನೆ ಬಂಗಾಳದ ಹಳ್ಳಿಗಳಲ್ಲಿ ಸುತ್ತಿದರು. ಹೊಲವು ಮೊದಲೇ ಹದವಾಗಿತ್ತೆಂಬುದು ಸ್ಪಷ್ಟ.

1950ರಲ್ಲಿ ಸಂಸ್ಥೆಯು ಅವರನ್ನು ಲಂಡನ್ನಿಗೆ ಕಳುಹಿಸಿತು. ಅಲ್ಲಿ ಕೆಲವೇ ತಿಂಗಳುಗಳಲ್ಲಿ ಅವರು ನೂರರ ಸಮೀಪ ಚಿತ್ರಗಳನ್ನು ನೋಡಿದರು (ಕಚೇರಿಯ ಕೆಲಸಕ್ಕೆ ಬಿಡುವು ಹೇಗೆ ದೊರೆಯಿತೋ!). ಅವುಗಳಲ್ಲಿ ಮನಸ್ಸನ್ನು ಹಿಡಿದುದು ಡಿ ಸಿಕಾನ ಚಿತ್ರ. ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ಪಡೆದ ಬಡವನೊಬ್ಬನ ಸೈಕಲ್ಲು ಕಳುವಾಗುತ್ತದೆ. ತಂದೆ ಮಗ ಇಬ್ಬರೂ ರೋಮಿನ ಬೀದಿಗಳಲ್ಲಿ ಅದನ್ನು ಹುಡುಕುತ್ತಾರೆ. ಕಥೆ ಇಷ್ಟೆ. ತಂದೆಯ ಪಾತ್ರ ವಹಿಸಿದವನು ನಟನಲ್ಲ, ಕಾರ್ಖಾನೆಯ ಕಾರ್ಮಿಕ. ಬಯಲಿನಲ್ಲಿ, ಹೊಸ ಮುಖಗಳಿಂದ ಚಿತ್ರ ತೆಗೆಯುವುದು ಅಸಾಧ್ಯವೆಂದು ಕಲ್ಕತ್ತೆಯ ವೃತ್ತಿನಿರತರು ಹೇಳುತ್ತಿದ್ದ ಮಾತಿಗೆ ಇಲ್ಲಿ ಪ್ರತ್ಯಕ್ಷ ಉತ್ತರವಿತ್ತು. ಹಿಂದಿರುಗುವ ಹಡಗಿನಲ್ಲಿಯೇ ರಾಯರು ‘ಪಥೇರ್ ಪಾಂಚಾಲಿ’ಯ ರೂಪರೇಖೆಯನ್ನು ಬರೆಯತೊಡಗಿದರು. ಆದುದರಿಂದ ಡಿ ಸಿಕಾನಿಂದ ಅವರಿಗೆ ದೊರೆತುದು ವಸ್ತುವಲ್ಲ, ಧೈರ್ಯ ಎನ್ನಬೇಕು.

ಆ ಧೈರ್ಯಕ್ಕೆ ತೆತ್ತ ಬೆಲೆ ಅಲ್ಪವಲ್ಲ. 1952ರ ಅಕ್ಟೋಬರಿನಲ್ಲಿ ಚಿತ್ರೀಕರಣ ಆರಂಭವಾಯಿತು. ಛಾಯಾಗ್ರಾಹಕ ಸುಬ್ರತ ಮಿತ್ರರು ಅದುವರೆಗೆ ಚಲಚ್ಚಿತ್ರದ ಕ್ಯಾಮರಾವನ್ನು ನಡೆಸಿದವರಲ್ಲ. ವಿಮೆಯ ಮೇಲಿನ ಸಾಲ ಮುಗಿಯಿತು. ಪತ್ನಿಯ ಒಡವೆಗಳು ಗಿರವಿಗೆ ಹೋದವು. ಕೆಲಸ ಪುನಃಪುನಃ ನಿಂತಿತು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ಹಣದಿಂದ ಪೂರ್ಣಗೊಂಡು ಚಿತ್ರವು 1955ರ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ತೆರೆಕಂಡಿತು.

ಇದನ್ನು ಅನುಕರಣವೆನ್ನುವವರು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿಲ್ಲವೆಂದು ತೋರುತ್ತದೆ. ಇಟಲಿಯ ಕಥೆ ನಗರದ್ದು, ಕೆಲವೇ ದಿನಗಳದ್ದು; ಬಂಗಾಳದ್ದು ಹಳ್ಳಿಯ ಕಥೆ, ವರ್ಷಗಳುದ್ದಕ್ಕೂ ಮಂದಗತಿಯಿಂದ ಸಾಗುತ್ತದೆ. ಹೊಸಬರನ್ನೇ ಆರಿಸುವ ನಿಯಮವನ್ನು ಸಹ ರಾಯರು ಪೂರ್ಣವಾಗಿ ಪಾಲಿಸಲಿಲ್ಲ. ಹರಿಹರನಾದ ಕಾನು ಬಂದ್ಯೋಪಾಧ್ಯಾಯರು ಚಲಚ್ಚಿತ್ರದಲ್ಲಿ ಪಳಗಿದ ನಟರು. ಮುದುಕಿ ಇಂದಿರ್ ಠಾಕ್ರುಣಳ ಪಾತ್ರಕ್ಕೆ ದೊರೆತ ಚುನೀಬಾಲಾ ದೇವಿಯಂತೂ ರಂಗಭೂಮಿಯನ್ನು ಎಂದೋ ತೊರೆದಿದ್ದ ವೃದ್ಧ ನಟಿ.